ಅಮ್ಮ ದೇವಸ್ಥಾನಕ್ಕೆ ಹೋಗುವುದು ನಿಂತರೆ ಆಯಸ್ಸು ಕಡಿಮೆಯಾಗುತ್ತದಾ?

ಮಂಡಿನೋವಿನಿಂದ ಮಲ್ಲೇಶ್ವರದ ದೇವಸ್ಥಾನ ತಪ್ಪಿದ ಮೇಲೆ 74ರ ನಿಮ್ಮ ತಾಯಿ ಮಂಕಾಗಿದ್ದಾರೆ ಎಂದಿರಿ. ಬಹುಶಃ ಅವರು ಕಳೆದುಕೊಂಡಿರುವುದು ಪೂಜೆಯನ್ನಲ್ಲ, ಅದು ಮನೆಯಲ್ಲೂ ನಡೆದಿದೆ, ನಡಿಗೆಯನ್ನು, ಜೊತೆಗಾರರನ್ನು. 2016ರಲ್ಲಿ ಪ್ರಕಟವಾದ ಅಮೆರಿಕದ ಸುಮಾರು 75 ಸಾವಿರ ನರ್ಸ್‌ಗಳ ಅಧ್ಯಯನದಲ್ಲಿ, ವಾರಕ್ಕೊಮ್ಮೆಗಿಂತ ಹೆಚ್ಚು ಸಲ ಪ್ರಾರ್ಥನಾ ಸಭೆಗೆ ಹೋಗುವವರಿಗೆ ಸಾವಿನ ಅಪಾಯ ಎಂದೂ ಹೋಗದವರಿಗಿಂತ ಶೇ 33ರಷ್ಟು ಕಡಿಮೆ ಕಂಡಿತ್ತು. ಅವರು ಬಹುತೇಕ ಕ್ರೈಸ್ತರು. ಓಡಾಡುವ ಶಕ್ತಿ ಇದ್ದವರೇ ಹೋಗುತ್ತಾರೆ ಎಂಬುದೂ ಸ್ವಲ್ಪ ಕಾರಣವಿರಬಹುದು. ಹಾಗಾಗಿ ಆಯಸ್ಸಿನ ಭಯ ಬಿಡಿ.

ಮೊದಲು ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸಿ. ಅವರು ಒಪ್ಪಿದರೆ ಕುರ್ಚಿಯಲ್ಲಿ ಕೂತು ಕಾಲು ನೀಡಿ 5 ಸೆಕೆಂಡ್ ಹಿಡಿಯುವುದು, ಒಂದೊಂದು ಕಾಲಿಗೆ 10 ಸಲ. ಆಮೇಲೆ ವಾರಕ್ಕೆರಡು ಬೆಳಿಗ್ಗೆ ಆಟೋದಲ್ಲಿ ಕರೆದೊಯ್ಯಿರಿ, ನೂಕುನುಗ್ಗಲಿನ ಶನಿವಾರ ಬೇಡ.

ಸಕ್ಕರೆ ಕಾಯಿಲೆಯೂ ಇದೆಯಲ್ಲ, ಇಲ್ಲಿ ಹುಷಾರು. ಪಾದ ಜೋಮು ಹಿಡಿದಿದ್ದರೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ದಪ್ಪ ಕಾಲುಚೀಲ ಹಾಕಿಸಿ, ಮನೆಗೆ ಬಂದಕೂಡಲೇ ಅಂಗಾಲು ನೋಡಿ. ಏಕಾದಶಿ ಉಪವಾಸದಲ್ಲಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿಯಬಹುದು. ಡೋಸ್ ಎಷ್ಟು ಎಂದು ವೈದ್ಯರನ್ನು ಮುಂಚೆಯೇ ಕೇಳಿ.

ಹೋಗಲಾಗದ ವಾರ ವಿಷ್ಣು ಸಹಸ್ರನಾಮದ ಗೆಳತಿಯರನ್ನೇ ಮನೆಗೆ ಕರೆಯಿರಿ.