ಗೀಕ್ ಅಂದರೆ ಬೈಗುಳ ಅಲ್ಲ

ಕಾಲೇಜಿನಲ್ಲಿ ಎಲ್ಲರೂ ನಿಮ್ಮನ್ನು ‘ಗೀಕ್’ ಅಂತಾರೆ, ತುಳು-ತಿಗಳಾರಿ ಲಿಪಿಗೆ ಫಾಂಟ್ ಮಾಡುವ ಹುಚ್ಚು ಬಿಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ನೂರು ವರ್ಷದ ಹಿಂದೆ ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆ ಕಚ್ಚಿ ತೋರಿಸುವವನನ್ನು ಗೀಕ್ ಅನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅರ್ಥ ತಿರುಗಿತು. ಈಗ, ಒಂದು ವಿಷಯದ ಬೆನ್ನು ಬಿದ್ದು ಆಳಕ್ಕೆ ಇಳಿಯುವವರು ಅಂತ.

ನಮ್ಮೂರಿಗೆ ಇದು ಹೊಸತಾ? ಉಡುಪಿಯಲ್ಲಿ ನನ್ನ ದೊಡ್ಡಪ್ಪ ಯಕ್ಷಗಾನದ ಆಟಕ್ಕೆ ಹೋದರೆ ಬೆಳಗಿನವರೆಗೂ ರಂಗಸ್ಥಳದ ಹತ್ತಿರವೇ ಕೂರುತ್ತಿದ್ದರು. ಭಾಗವತರು ಪದ ಎತ್ತುವ ಮೊದಲೇ ದೊಡ್ಡಪ್ಪನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮರುದಿನ ಚಾ ಕುಡಿಯುತ್ತಾ ಯಾವ ಪದ ಯಾವ ರಾಗದಲ್ಲಿ ಬಂತು ಅಂತ ಗಂಟೆಗಟ್ಟಲೆ ಹೇಳುತ್ತಿದ್ದರು. ಅವರಿಗೆ ಯಾರೂ ಆ ಹೆಸರು ಇಡಲಿಲ್ಲ, ಅಷ್ಟೇ.

ಇನ್ನು ನಿಮ್ಮ ಫಾಂಟ್. ಕಂಪ್ಯೂಟರ್, ಮೊಬೈಲ್‌ಗಳು ಅಕ್ಷರ ಗುರುತಿಸಲು ಬಳಸುವ ಜಾಗತಿಕ ಪಟ್ಟಿ ಯೂನಿಕೋಡ್. 2024ರ ಸೆಪ್ಟೆಂಬರ್‌ನಲ್ಲಿ ಅದರ 16ನೇ ಆವೃತ್ತಿಗೆ, ಹಿಂದೆ ತಾಳೆಗರಿಯಲ್ಲಿ ಬರೆಯುತ್ತಿದ್ದ ತುಳು-ತಿಗಳಾರಿ ಲಿಪಿ ಸೇರಿತು. ಆದರೆ ಸೇರಿದರೆ ಸಾಕಾಗುವುದಿಲ್ಲ. ಒತ್ತಕ್ಷರ ಎಲ್ಲಿ ಕೂರಬೇಕು, ತಾಳೆಗರಿಯಲ್ಲಿ ಅದು ಹೇಗಿತ್ತು ಅಂತ ತಲೆ ಕೆಡಿಸಿಕೊಳ್ಳುವವರು ಇದ್ದರೆ ಮಾತ್ರ ಮೊಬೈಲ್‌ನಲ್ಲಿ ಸರಿಯಾಗಿ ಕಾಣುತ್ತದೆ. ಅದು ನಿಮ್ಮಂಥವರ ಕೆಲಸವೇ ಅಲ್ವಾ? ನಿಮ್ಮ ಫಾಂಟ್ ಎಲ್ಲಿಯವರೆಗೆ ಬಂತು? ಒಂದು ಚಿತ್ರ ಹಾಕಿ, ನೋಡುವ ಆಸೆ ಇದೆ.