ಎಲ್‌ಇಡಿ ಉರಿಯುತ್ತದೆ, ವಾಲ್ವ್ ಎಳೆಯುವುದಿಲ್ಲ: ಕಾರ್ಡ್ ಹೋಗಿದೆಯೇ?

ಪ್ರಶ್ನೆ: ನಮ್ಮ ಪೌಚ್ ಪ್ಯಾಕಿಂಗ್ ಯಂತ್ರದ ಪಿಎಲ್‌ಸಿಯಲ್ಲಿ (ಯಂತ್ರವನ್ನು ನಡೆಸುವ ಕಂಟ್ರೋಲರ್) 16 ಔಟ್‌ಪುಟ್‌ಗಳ, 24 ವೋಲ್ಟ್ ಡಿಸಿ, 0.5 ಆಂಪಿಯರ್‌ನ ಟ್ರಾನ್ಸಿಸ್ಟರ್ ಕಾರ್ಡ್ ಇದೆ. ಸೀಲಿಂಗ್ ದವಡೆಯ ಸಾಲೆನಾಯ್ಡ್ ವಾಲ್ವ್‌ಗೆ (ಕಾಯಿಲ್‌ಗೆ ಕರೆಂಟು ಕೊಟ್ಟು ನಡೆಸುವ ಗಾಳಿ ವಾಲ್ವ್) ಹೋಗುವ ಒಂದು ಔಟ್‌ಪುಟ್ ಮಾತ್ರ ಕೈಕೊಟ್ಟಿದೆ. ಅದರ ಎಲ್‌ಇಡಿ ಉರಿಯುತ್ತದೆ, ವಾಲ್ವ್ ಎಳೆಯುವುದಿಲ್ಲ. ವೈರು ಬಿಚ್ಚಿ ಕಾರ್ಡಿನ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟರೆ 22 ವೋಲ್ಟ್, ವೈರು ಹಾಕಿದರೆ 3 ವೋಲ್ಟ್. ಕಾಯಿಲ್ 118 ಓಮ್ ಇದೆ; ಹೊಸ ಕಾಯಿಲ್ ಹಾಕಿದರೂ ಅದೇ ಕಥೆ. ಯಂತ್ರ ನಿಮಿಷಕ್ಕೆ 40 ಪೌಚ್ ಹೊಡೆಯುತ್ತದೆ. ಹೋದ ವರ್ಷವೂ ಇದೇ ಔಟ್‌ಪುಟ್ ಕೆಟ್ಟು ಕಾರ್ಡ್ ಬದಲಿಸಿದ್ದೆವು. ಮತ್ತೆ ಹೊಸ ಕಾರ್ಡ್ ತರಿಸಬೇಕೇ?

ಉತ್ತರ: ಈಗಲೇ ತರಿಸಬೇಡಿ. ಹೋದ ವರ್ಷ ಅದನ್ನು ಕೊಂದ ಕಾರಣ ಇನ್ನೂ ಅಲ್ಲೇ ಇದ್ದರೆ ಹೊಸ ಕಾರ್ಡಿಗೂ ಅದೇ ಗತಿ.

ಮೊದಲು ಎಲ್‌ಇಡಿಯನ್ನು ನಂಬುವುದು ಬಿಡಿ. ಹೆಚ್ಚಿನ ಕಾರ್ಡ್‌ಗಳಲ್ಲಿ ಅದು ಪಿಎಲ್‌ಸಿಯ ಆದೇಶ ಬಂದಿದೆ ಎಂದಷ್ಟೇ ಹೇಳುತ್ತದೆ. ಅದರ ಮುಂದೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಸತ್ತಿದ್ದರೂ ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ವೈರು ಬಿಚ್ಚಿದಾಗ ಸಿಕ್ಕ 22 ವೋಲ್ಟ್‌ಗೂ ಬೆಲೆಯಿಲ್ಲ. ಡಿಜಿಟಲ್ ಮೀಟರ್‌ನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಸರಿಯಾಗಿ ಆನ್ ಆಗದ ಟ್ರಾನ್ಸಿಸ್ಟರ್‌ನಿಂದ ಸೋರುವ ಕೆಲವೇ ಮೈಕ್ರೋಆಂಪಿಯರ್ ಕರೆಂಟು ಸಾಕು, ಮೀಟರ್ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಔಟ್‌ಪುಟ್ಟನ್ನು ಯಾವಾಗಲೂ ಲೋಡ್ ಹಾಕಿಯೇ ಅಳೆಯಬೇಕು.

ನಿಮ್ಮ 3 ವೋಲ್ಟ್ ಮಾತ್ರ ಒಳ್ಳೆಯ ಸುಳಿವು. 118 ಓಮ್ ಕಾಯಿಲ್‌ಗೆ ಪೂರ್ತಿ 24 ವೋಲ್ಟ್ ಸಿಕ್ಕರೆ ಸುಮಾರು 0.2 ಆಂಪಿಯರ್ ಎಳೆಯುತ್ತದೆ, ಕಾರ್ಡಿನ ಮಿತಿಯ ಅರ್ಧವೂ ಅಲ್ಲ. ಆದ್ದರಿಂದ ಕಾಯಿಲ್ ನಿರಪರಾಧಿ. ಉಳಿಯುವುದು ಮೂರು ಸಾಧ್ಯತೆ: ಕೇಬಲ್ ಎಲ್ಲೋ ಉಜ್ಜಿ ಶಾರ್ಟ್ ಆಗಿ ಕಾರ್ಡಿನ ರಕ್ಷಣೆ ಔಟ್‌ಪುಟ್ಟನ್ನು ಕೆಳಗೆ ಹಿಡಿದಿಟ್ಟಿರಬಹುದು, ಕಾರ್ಡಿನ ಮುಂಭಾಗದ ಕನೆಕ್ಟರ್‌ನ ಪಿನ್ ಕಪ್ಪಾಗಿ ರೋಧ ಕೂತಿರಬಹುದು, ಇಲ್ಲವೇ ಟ್ರಾನ್ಸಿಸ್ಟರೇ ಹೋಗಿರಬಹುದು.

ಮೂರನ್ನೂ ಬೇರ್ಪಡಿಸಲು ಒಂದು ಬಲ್ಬ್ ಸಾಕು. ಯಂತ್ರಕ್ಕೆ ಬರುವ ಗಾಳಿ ಮುಚ್ಚಿ, ಒಳಗಿನ ಒತ್ತಡ ಹೊರಬಿಟ್ಟು ಕೆಲಸ ಶುರುಮಾಡಿ. ವಾಲ್ವ್‌ಗೆ ಹೋಗುವ ವೈರನ್ನು ಬಿಚ್ಚಿ, 24 ವೋಲ್ಟ್ 3 ವ್ಯಾಟ್‌ನ ಸಣ್ಣ ಬಲ್ಬನ್ನು ಆ ಟರ್ಮಿನಲ್‌ಗೂ ಕಾರ್ಡಿನ ಮೈನಸ್‌ಗೂ ನಡುವೆ ಹಾಕಿ, ಪ್ರೋಗ್ರಾಮ್‌ನಿಂದ ಔಟ್‌ಪುಟ್ ಆನ್ ಮಾಡಿ. ಲಾರಿಯ ಇಂಡಿಕೇಟರ್ ಬಲ್ಬ್ ಕೈಗೆ ಸಿಕ್ಕಿತೆಂದು ಹಾಕಬೇಡಿ. 21 ವ್ಯಾಟ್ ಎಂದರೆ 0.9 ಆಂಪಿಯರ್ ಹತ್ತಿರ, ಒಳ್ಳೆಯ ಔಟ್‌ಪುಟ್ಟೂ ಕೆಟ್ಟದ್ದೆಂದು ಕಾಣುತ್ತದೆ. ಸಣ್ಣ ಬಲ್ಬ್ ಪ್ರಕಾಶವಾಗಿ ಉರಿದರೆ ಕಾರ್ಡ್ ಚೆನ್ನಾಗಿದೆ, ಕೇಬಲ್ ಹಿಡಿದು ಹೊರಡಿ. ಚಲಿಸುವ ದವಡೆಯ ಬಳಿ ಕೇಬಲ್ ಮಡಚುವ ಜಾಗವನ್ನೇ ಮೊದಲು ನೋಡಿ. ಮಂಕಾಗಿದ್ದರೆ ಅಥವಾ ಉರಿಯದಿದ್ದರೆ ಪವರ್ ತೆಗೆದು ಕನೆಕ್ಟರ್ ಕಳಚಿ ಪಿನ್ ಪರೀಕ್ಷಿಸಿ, ಸ್ಕ್ರೂ ಬಿಗಿಮಾಡಿ, ಮತ್ತೆ ನೋಡಿ. ಆಗಲೂ ಅದೇ ಆದರೆ ಆ ಚಾನೆಲ್, ಅಂದರೆ ಆ ಔಟ್‌ಪುಟ್, ಸತ್ತಿದೆ. ಇಡೀ ಗುಂಪಿನ ಎಂಟೂ ಔಟ್‌ಪುಟ್ ಒಟ್ಟಿಗೆ ಹೋಗಿದ್ದರೆ ಗುಂಪಿನ 24 ವೋಲ್ಟ್ ಸಪ್ಲೈ ಅಥವಾ ಫ್ಯೂಸ್ ನೋಡಿ ಎನ್ನುತ್ತಿದ್ದೆ. ನಿಮ್ಮಲ್ಲಿ ಒಂದೇ ಹೋಗಿದೆ.

ನನ್ನ ಅನುಮಾನ ಟ್ರಾನ್ಸಿಸ್ಟರ್ ಮೇಲೆಯೇ. ಕಾರಣ ನೀವೇ ಬರೆದಿದ್ದೀರಿ: ನಿಮಿಷಕ್ಕೆ 40 ಪೌಚ್. ಕಾಯಿಲ್ ಆಫ್ ಆಗುವ ಕ್ಷಣದಲ್ಲಿ ಅದರಲ್ಲಿ ಕೂಡಿಟ್ಟ ಶಕ್ತಿ ಹಿಮ್ಮುಖ ವೋಲ್ಟೇಜ್ ಆಗಿ ಕಾರ್ಡಿನತ್ತ ಬರುತ್ತದೆ. ಕಾರ್ಡಿನೊಳಗಿನ ರಕ್ಷಣೆ ಅದನ್ನು ಶಾಖವಾಗಿ ಕರಗಿಸುತ್ತದೆ, ಆದರೆ ಅದಕ್ಕೆ ವೇಗದ ಮಿತಿಯಿದೆ. ಈ ವರ್ಗದ ಸೀಮೆನ್ಸ್ ಎಸ್‌ಎಂ 322 ಕಾರ್ಡಿನ ವಿವರಪಟ್ಟಿಯಲ್ಲಿ ಕಾಯಿಲ್‌ನಂಥ ಲೋಡ್‌ಗೆ 0.5 ಹರ್ಟ್ಸ್ ಎಂದಿದೆ, ಅಂದರೆ ಎರಡು ಸೆಕೆಂಡಿಗೆ ಒಂದು ಸಲ. ನಿಮ್ಮ ವಾಲ್ವ್ ಒಂದೂವರೆ ಸೆಕೆಂಡಿಗೊಮ್ಮೆ ಹೊಡೆಯುತ್ತಿದೆ. ನಿಮ್ಮ ಕಾರ್ಡಿನ ವಿವರಪಟ್ಟಿಯಲ್ಲಿ ಈ ಸಾಲನ್ನು ಹುಡುಕಿ. ಆಂಪಿಯರ್ ನೋಡುವವರೆಲ್ಲ ಇದನ್ನು ದಾಟಿ ಹೋಗುತ್ತಾರೆ.

ಪರಿಹಾರ ಅಗ್ಗದ್ದು. ಕಾಯಿಲ್‌ನ ಎರಡು ತುದಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಬಿಳಿ ಪಟ್ಟಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ನೇರ ಶಾರ್ಟ್. ಅದನ್ನು ಪ್ಯಾನೆಲ್‌ನಲ್ಲಿ ಹಾಕದೆ ವಾಲ್ವ್‌ನ ಬಳಿಯೇ ಹಾಕಿ; ಡಯೋಡ್ ಸೇರಿಸಿಯೇ ಬರುವ ವಾಲ್ವ್ ಪ್ಲಗ್‌ಗಳೂ ಸಿಗುತ್ತವೆ. ಡಯೋಡ್‌ನಿಂದ ವಾಲ್ವ್ ಬಿಡುವುದು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಸೀಲ್ ಸಮಯ ಕೆಟ್ಟರೆ ಪ್ರೋಗ್ರಾಮ್‌ನಲ್ಲಿ ಹೊಂದಿಸಿಕೊಳ್ಳಿ, ಡಯೋಡ್ ತೆಗೆಯಬೇಡಿ.

ಖಾಲಿ ಚಾನೆಲ್ ಇದ್ದರೆ ವಾಲ್ವನ್ನು ಅಲ್ಲಿಗೆ ಸರಿಸಿ, ಪ್ರೋಗ್ರಾಮ್‌ನಲ್ಲಿ ವಿಳಾಸ ಬದಲಿಸಿ, ನಕ್ಷೆಯಲ್ಲೂ ಅಂದೇ ತಿದ್ದಿ. ಆಗ ಕಾರ್ಡಿನ ಖರ್ಚೂ ಉಳಿಯುತ್ತದೆ.

ನೀವು ಕೇಳದ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಟ್ರಾನ್ಸಿಸ್ಟರ್ ಹೀಗೆ ಕರೆಂಟು ಬಿಡದೆಯೇ ಸಾಯಬೇಕೆಂದಿಲ್ಲ, ಶಾರ್ಟ್ ಆಗಿಯೂ ಸಾಯುತ್ತದೆ. ಆಗ ಎಲ್‌ಇಡಿ ಆರಿರುತ್ತದೆ, ಪ್ರೋಗ್ರಾಮ್ ಆಫ್ ಎನ್ನುತ್ತದೆ, ಬಿಸಿ ದವಡೆ ಮಾತ್ರ ಮುಚ್ಚಿಕೊಂಡೇ ಇರುತ್ತದೆ. ಎಮರ್ಜೆನ್ಸಿ ಸ್ಟಾಪ್ ಬಟನ್ ಬರೀ ಪಿಎಲ್‌ಸಿ ಇನ್‌ಪುಟ್‌ಗೆ ಹೋಗುತ್ತಿದ್ದರೆ, ಅದನ್ನು ಒತ್ತಿದರೂ ಕೈ ಸಿಕ್ಕವನನ್ನು ಅದು ಬಿಡಿಸದು. ಆ ಬಟನ್ ಸೇಫ್ಟಿ ರಿಲೇ ಮೂಲಕ ವಾಲ್ವ್‌ಗಳ 24 ವೋಲ್ಟನ್ನೇ ಕಡಿಯುತ್ತದೆಯೇ, ಕಡಿದಾಗ ದವಡೆ ತೆರೆದುಕೊಳ್ಳುತ್ತದೆಯೇ ಎಂಬುದನ್ನು ಯಂತ್ರ ಮತ್ತೆ ಓಡಿಸುವ ಮುನ್ನ ಪರೀಕ್ಷಿಸಿ.