ಮೊದಲ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಡಿಪ್ಲಾಯ್ ಆಗುತ್ತಿಲ್ಲವೇ?

ಪ್ರಶ್ನೆ: ಒಂದು ಸಂಖ್ಯೆಯನ್ನು ಉಳಿಸಿಡುವ ಪುಟ್ಟ ಸ್ಮಾರ್ಟ್ ಕಾಂಟ್ರ್ಯಾಕ್ಟನ್ನು (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ರೀಮಿಕ್ಸ್‌ನಲ್ಲಿ (ಬ್ರೌಸರ್‌ನಲ್ಲೇ ಅದನ್ನು ಬರೆಯುವ ಸಾಧನ) ಬರೆದೆ. ಚೆನ್ನಾಗಿಯೇ ಓಡಿತು. ಪುಟ ರಿಫ್ರೆಶ್ ಮಾಡಿದರೆ ಮಾಯ! ಎಥೀರಿಯಂನ ಪರೀಕ್ಷಾ ಜಾಲವಾದ ಸೆಪೋಲಿಯಾಕ್ಕೆ ಹಾಕಲು (ಡಿಪ್ಲಾಯ್ ಮಾಡಲು) ಹೋದರೆ ‘ಗ್ಯಾಸ್ ಎಸ್ಟಿಮೇಶನ್ ಫೇಲ್ಡ್’ (ವಹಿವಾಟಿನ ಶುಲ್ಕದ ಅಂದಾಜು ಸಿಗಲಿಲ್ಲ) ಎನ್ನುತ್ತದೆ. ತಪ್ಪೆಲ್ಲಿದೆ?

ಉತ್ತರ: ಮೊದಲ ಸಲ ನೀವು ಹಾಕಿದ್ದು ರೀಮಿಕ್ಸ್ ವಿಎಂಗೆ. ಅದು ಬ್ರೌಸರ್‌ನೊಳಗೇ ಓಡುವ ಅಣಕು ಚೈನ್, ಹಾಗಾಗಿ ಉಳಿಯಲಿಲ್ಲ. ಎನ್ವಿರಾನ್ಮೆಂಟ್‌ನಲ್ಲಿ ಇಂಜೆಕ್ಟೆಡ್ ಪ್ರೊವೈಡರ್ (ಬ್ರೌಸರ್‌ನಲ್ಲಿರುವ ನಿಮ್ಮ ವ್ಯಾಲೆಟ್) ಆರಿಸಿ, ಚೈನ್ ಐಡಿ 11155111 ಎಂದಿದ್ದರೆ ಸೆಪೋಲಿಯಾ. ಫಾಸೆಟ್‌ನಿಂದ (ಪರೀಕ್ಷೆಗೆಂದು ಉಚಿತ ನಾಣ್ಯ ಕೊಡುವ ತಾಣ) ಟೆಸ್ಟ್ ಈಥರ್ ಪಡೆಯಿರಿ. ಇದಕ್ಕೆ ಹೊಸ ವ್ಯಾಲೆಟ್ಟನ್ನೇ ಬಳಸಿ, ನಿಜವಾದ ಹಣವಿರುವುದನ್ನು ದಯವಿಟ್ಟು ಮುಟ್ಟಬೇಡಿ.

‘ಗ್ಯಾಸ್ ಎಸ್ಟಿಮೇಶನ್ ಫೇಲ್ಡ್’ ಎಚ್ಚರಿಕೆ ಬಂದಾಗ ಗ್ಯಾಸ್ ಮಿತಿ ಏರಿಸಿ ಪ್ರಯೋಜನವಿಲ್ಲ. ವಹಿವಾಟು ರಿವರ್ಟ್ ಆಗುತ್ತದೆಂದು (ವಿಫಲವಾಗಿ ರದ್ದಾಗುತ್ತದೆಂದು) ಸಾಮಾನ್ಯವಾಗಿ ಮೊದಲೇ ಗೊತ್ತಾಗಿದೆ, ಅಷ್ಟೇ. ‘ವ್ಯಾಲ್ಯೂ’ ಪೆಟ್ಟಿಗೆ ನೋಡಿ: ಕನ್‌ಸ್ಟ್ರಕ್ಟರ್‌ಗೆ (ಡಿಪ್ಲಾಯ್ ಆಗುವಾಗ ಒಮ್ಮೆ ಓಡುವ ಭಾಗ) ‘ಪೇಯಬಲ್’ (ಹಣ ಸ್ವೀಕರಿಸಬಹುದೆಂಬ ಗುರುತು) ಇಲ್ಲದಿದ್ದರೆ ಅಲ್ಲಿ 1 ವೇ (ಈಥರ್‌ನ ಅತಿ ಚಿಕ್ಕ ಅಂಶ) ಇದ್ದರೂ ಡಿಪ್ಲಾಯ್ ಆಗದು. ಅದನ್ನು 0 ಮಾಡಿ. ಕನ್‌ಸ್ಟ್ರಕ್ಟರ್‌ನೊಳಗಿನ ‘ರಿಕ್ವೈರ್’ ಷರತ್ತು ಸುಳ್ಳಾದರೂ ಇದೇ ಗತಿ. 1 ಈಥರ್ ಎಂದರೆ 10ರ 18ನೇ ಘಾತದಷ್ಟು ವೇ. ಈ ಲೆಕ್ಕ ತಪ್ಪಿದರೆ ಷರತ್ತು ಸಲೀಸಾಗಿ ಮುರಿಯುತ್ತದೆ.

ಮುಂದೆ ಬೇರೆ ಚೈನ್‌ಗೆ ಹೋದಾಗ ‘ಇನ್‌ವ್ಯಾಲಿಡ್ ಆಪ್‌ಕೋಡ್’ (ಗೊತ್ತಿಲ್ಲದ ಆದೇಶ) ಬಂದರೆ ಕಂಪೈಲರ್ (ಕೋಡನ್ನು ಚೈನ್ ಓಡಿಸುವ ಆದೇಶಗಳಾಗಿ ಬದಲಿಸುವ ಸಾಧನ) ಅನುಮಾನಿಸಿ. ಕಾಂಟ್ರ್ಯಾಕ್ಟ್ ಬರೆಯುವ ಭಾಷೆ ಸಾಲಿಡಿಟಿಯ 0.8.20ರಿಂದ ಪುಶ್‌0 ಆದೇಶ ಸೇರುತ್ತದೆ, ಹಳೆಯ ಚೈನ್‌ಗಳಿಗೆ ಅದು ತಿಳಿಯದು. ಕಂಪೈಲರ್‌ನಲ್ಲಿ ಇವಿಎಂ (ಕಾಂಟ್ರ್ಯಾಕ್ಟ್‌ಗಳನ್ನು ಓಡಿಸುವ ಯಂತ್ರ) ಆವೃತ್ತಿಯನ್ನು ‘ಪ್ಯಾರಿಸ್’ ಮಾಡಿ ಮತ್ತೆ ಕಂಪೈಲ್ ಮಾಡಿ.

ಡಿಪ್ಲಾಯ್ ಆದೊಡನೆ ವಿಳಾಸ ಬರೆದಿಟ್ಟುಕೊಳ್ಳಿ. ಪುಟ ಮುಚ್ಚಿದರೂ ‘ಅಟ್ ಅಡ್ರೆಸ್’ನಲ್ಲಿ ಅದನ್ನು ಹಾಕಿದರೆ ಕಾಂಟ್ರ್ಯಾಕ್ಟ್ ಮತ್ತೆ ಸಿಗುತ್ತದೆ.